ಮೂಳೆಯ ದಪ್ಪ ನೋಡದೆ ಸ್ಕ್ರೂ ಹಾಕುತ್ತಾರಾ?

ದೊಡ್ಡಮ್ಮ ಇವತ್ತು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ತಮ್ಮ ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ ಕಳಿಸಿದರು. ಕೆಳಗಿನ ದವಡೆ ಹಲ್ಲು ಕೀಳಿಸಿ ವರ್ಷಗಳೇ ಆಗಿವೆ. ಈಗ ಅಲ್ಲಿಗೆ ಇಂಪ್ಲಾಂಟ್, ಅಂದರೆ ಕೃತಕ ಹಲ್ಲು ಕೂರಿಸಲು ಮೂಳೆಗೆ ಹಾಕುವ ಸ್ಕ್ರೂ. "ಬುಧವಾರ ಸ್ಕ್ರೂ ಹಾಕ್ತಾರಂತೆ ಕಣೇ, ಎಕ್ಸ್‌ರೇ ಚೆನ್ನಾಗಿದೆಯಂತೆ" ಎಂದರು. ಬೇರೆ ಸ್ಕ್ಯಾನ್ ಏನಾದರೂ ಮಾಡಿದ್ದಾರಾ ಅಂತ ಕೇಳಿದೆ. ಇಲ್ಲ, ಇದೊಂದೇ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ದಿನವಿಡೀ ದವಡೆಯ ಎಕ್ಸ್‌ರೇ ನೋಡುವುದೇ ನನ್ನ ಕೆಲಸ ಅಂತ ನಿಮಗೆಲ್ಲ ಗೊತ್ತು. ಓಪಿಜಿ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಎರಡೂ ದವಡೆ, ಎಲ್ಲಾ ಹಲ್ಲು ಒಂದೇ ನೋಟಕ್ಕೆ ಸಿಗುತ್ತವೆ. ಆದರೆ ಅದು ಚಪ್ಪಟೆ ಚಿತ್ರ. ಗೋಡೆಯ ಎದುರು ನಿಂತರೆ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ, ಅಲ್ವಾ? ಆ ಎತ್ತರವನ್ನೂ ಹಾಗೇ ನಂಬುವ ಹಾಗಿಲ್ಲ. ಓಪಿಜಿಯಲ್ಲಿ ಸಾಮಾನ್ಯವಾಗಿ ಶೇ. 20-30ರಷ್ಟು ದೊಡ್ಡದಾಗಿ ಕಾಣುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. 12 ಮಿ.ಮೀ. ಮೂಳೆ 15 ಅಂತ ಕಂಡರೆ ಉಳಿದ 3 ಮಿ.ಮೀ. ಎಲ್ಲಿಂದ ತರುತ್ತಾರೆ? ಕೆಳಗೆ ನರ ಇದೆ. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡುವ ನರ. ಇಂಪ್ಲಾಂಟಿನ ತುದಿಯಿಂದ ಅದಕ್ಕೆ ಕನಿಷ್ಠ 2 ಮಿ.ಮೀ. ಅಂತರ ಬಿಡಬೇಕು. ಪೆಟ್ಟಾದರೆ ತುಟಿ ಜೋಮು ಹಿಡಿಯುತ್ತದೆ, ಕೆಲವರಿಗೆ ಬದುಕಿರುವ ತನಕ.

ಹಲ್ಲು ಹೋದ ಮೇಲೆ ಮೂಳೆ ಜಾಸ್ತಿ ಕರಗುವುದು ಅಗಲದಲ್ಲಿ. ಓಪಿಜಿಗೆ ಕಾಣದೇ ಇರುವುದೂ ಅದೇ!

ಮಧ್ಯಾಹ್ನವೇ ದೊಡ್ಡಮ್ಮನನ್ನು ಕರೆಸಿ ಸಿಬಿಸಿಟಿ, ಅಂದರೆ ದವಡೆಯ 3ಡಿ ಸ್ಕ್ಯಾನ್ ಮಾಡಿಸಿದೆ. ಆ ಜಾಗದ ಅಡ್ಡ ಸೀಳಿನ ಚಿತ್ರ, ಅಂದರೆ ಮೂಳೆಯನ್ನು ಅಡ್ಡಕ್ಕೆ ಕತ್ತರಿಸಿದಂತೆ ತೋರಿಸುವ ಚಿತ್ರ ತೆರೆದು ನೋಡಿದರೆ, ಮೂಳೆ ಮೇಲ್ಗಡೆ ಚೂಪಾಗಿಬಿಟ್ಟಿದೆ. ಅಗಲ ಬರೀ 3 ಮಿ.ಮೀ. ಹಾಕಬೇಕೆಂದಿದ್ದ ಸ್ಕ್ರೂ 4 ಮಿ.ಮೀ.ಗಿಂತ ದಪ್ಪ. ಸ್ವಲ್ಪ ಕೆಳಗೆ, ನಾಲಿಗೆಯ ಕಡೆ, ಮೂಳೆ ಒಳಕ್ಕೆ ಗುಳಿ ಬಿದ್ದಿದೆ. ನೇರ ಕೊರೆದಿದ್ದರೆ ಡ್ರಿಲ್ ಆ ಕಡೆ ಹೊರಗೆ ಬರುತ್ತಿತ್ತು. ಅಲ್ಲಿ ರಕ್ತನಾಳಗಳಿವೆ. ಬಾಯಿಯ ತಳದಲ್ಲಿ ರಕ್ತ ತುಂಬಿ ಊದಿಕೊಂಡರೆ ಉಸಿರಾಟಕ್ಕೇ ಕುತ್ತು. ಮತ್ತೆ ಆ ಓಪಿಜಿ ನೋಡಿದೆ. ಇದರ ಸುಳಿವೂ ಇಲ್ಲ.

ಅನುಭವ ಇದ್ದವರಿಗೆ ಬೆರಳಲ್ಲಿ ಮುಟ್ಟಿ ನೋಡಿದರೆ ಸಾಕು ಅನ್ನುತ್ತಾರೆ. ಒಸಡು ದಪ್ಪಗಿದ್ದರೆ ಬೆರಳಿಗೆ ಸಿಗುವುದು ಒಸಡು, ಮೂಳೆಯಲ್ಲ. ಸಿಬಿಸಿಟಿಯಲ್ಲಿ ವಿಕಿರಣ ಜಾಸ್ತಿ ಅನ್ನುತ್ತಾರೆ. ಓಪಿಜಿಗಿಂತ ಜಾಸ್ತಿ, ನಿಜ. ಅದಕ್ಕೇ ಬೇಕಾದಷ್ಟೇ ಜಾಗಕ್ಕೆ ಚಿಕ್ಕ ಸ್ಕ್ಯಾನ್ ಮಾಡುವುದು. ಆಸ್ಪತ್ರೆಯ ಸಿಟಿ ಸ್ಕ್ಯಾನಿಗಿಂತ ಸಾಮಾನ್ಯವಾಗಿ ಕಮ್ಮಿಯೇ. ಇನ್ನು ಖರ್ಚು. ಒಂದು ಹಲ್ಲಿಗೆ ಹತ್ತಾರು ಸಾವಿರ ತೆಗೆದುಕೊಳ್ಳುವ ಕಡೆ ಸ್ಕ್ಯಾನ್ ಮಾತ್ರ ದುಬಾರಿ ಆಗಿಬಿಡುತ್ತದಾ? ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಇಂಪ್ಲಾಂಟ್ ಹಾಕುವ ಜಾಗಕ್ಕೆ ಅಡ್ಡ ಸೀಳಿನ ಚಿತ್ರ ಬೇಕು, ಅದಕ್ಕೆ ಸಿಬಿಸಿಟಿಯೇ ಸರಿ ಎಂದು ಅಮೆರಿಕದ ಬಾಯಿ ಮತ್ತು ದವಡೆ ರೇಡಿಯಾಲಜಿ ಅಕಾಡೆಮಿ 2012ರಲ್ಲೇ ಹೇಳಿದೆ.

ನೀವೋ, ಮನೆಯಲ್ಲಿ ಯಾರಾದರೂ ಹಿರಿಯರೋ ಇಂಪ್ಲಾಂಟ್‌ಗೆ ಹೋಗುವುದಾದರೆ ಸಂಕೋಚ ಬಿಟ್ಟು ಕೇಳಿ. ನರ ಎಲ್ಲಿದೆ, ಮೂಳೆ ಎಷ್ಟು ಅಗಲ ಇದೆ, ಸ್ಕ್ರೀನ್ ಮೇಲೆ ತೋರಿಸಿ ಅನ್ನಿ. ತೋರಿಸಲು ಆಗದಿದ್ದರೆ ಅವತ್ತು ಆ ಕುರ್ಚಿಯಲ್ಲಿ ಕೂರಬೇಡಿ.