ನಡುವಯಸ್ಸಿನಲ್ಲಿ ಮೈಕ್ ಹಿಡಿದವರು

ಸ್ಟ್ಯಾಂಡ್‌ಅಪ್ ಕಾಮಿಡಿಯಲ್ಲಿ ತಡವಾಗಿ ಹೆಸರು ಮಾಡಿದವರ ವಿಷಯ ಬಂದಾಗಲೆಲ್ಲ ‘ವಯಸ್ಸು ಬರೀ ಒಂದು ಸಂಖ್ಯೆ’ ಎಂಬ ಮಾತು ತಪ್ಪದೆ ಕೇಳಿಬರುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. ಒಬ್ಬರೇ ನಿಂತು, ತಮ್ಮ ಬದುಕನ್ನೇ ಮುಂದಿಟ್ಟು, ಪರಿಚಯವಿಲ್ಲದ ಜನರನ್ನು ನಗಿಸಬೇಕಾದ ಈ ಕಲೆಯಲ್ಲಿ ವಯಸ್ಸು ಲೆಕ್ಕಕ್ಕೆ ಬರುತ್ತದೆ, ಬಹಳವಾಗಿಯೇ ಬರುತ್ತದೆ. ಸಂಸಾರ ನಡೆಸಿ, ಸಾಲ ತೀರಿಸಿ, ಮಕ್ಕಳನ್ನು ಬೆಳೆಸಿ, ಮೇಲಧಿಕಾರಿಗಳ ಮಾತು ಕೇಳಿ ಕಳೆದ ವರ್ಷಗಳೇ ಅಲ್ಲಿ ಬಂಡವಾಳವಾಗುತ್ತವೆ. ಅದೇ ವರ್ಷಗಳು ಹೊಣೆಗಳನ್ನೂ ಹೊರಿಸಿರುತ್ತವೆಯಾದ್ದರಿಂದ ವೇದಿಕೆಯನ್ನು ತಲುಪುವ ದಾರಿ ಕಿರಿದಾಗಿರುತ್ತದೆ. ಈ ಎರಡನ್ನೂ ಒಟ್ಟಿಗೆ ನೋಡದೆ ತಡವಾಗಿ ಗೆದ್ದವರನ್ನು ಬರೀ ಛಲಕ್ಕಾಗಿ ಹೊಗಳಿದರೆ, ಅವರಂಥ ಇನ್ನೊಬ್ಬರು ಮುಂದೆ ಬರಲು ಏನು ಬೇಕೆಂಬುದು ನಮಗೆ ತಿಳಿಯುವುದೇ ಇಲ್ಲ.

ಅಮೆರಿಕದ ಹಾಸ್ಯಗಾರ್ತಿ ಫಿಲಿಸ್ ಡಿಲ್ಲರ್ ಅವರ ಬದುಕನ್ನು ನಾನು ಆಸಕ್ತಿಯಿಂದ ಓದಿಕೊಂಡಿರುವುದು ಈ ಕಾರಣಕ್ಕೇ. 1955ರ ಮಾರ್ಚ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದ ‘ಪರ್ಪಲ್ ಆನಿಯನ್’ ಎಂಬ ನೆಲಮಾಳಿಗೆಯ ನೈಟ್‌ಕ್ಲಬ್ಬಿನಲ್ಲಿ ಅವರು ವೃತ್ತಿಪರ ಹಾಸ್ಯಗಾರ್ತಿಯಾಗಿ ಮೊದಲ ಬಾರಿಗೆ ವೇದಿಕೆ ಹತ್ತಿದಾಗ ಅವರಿಗೆ 37 ವರ್ಷ ವಯಸ್ಸಾಗಿತ್ತು. ಮನೆಯಲ್ಲಿ ಐವರು ಮಕ್ಕಳಿದ್ದರು. ಒಹಾಯೋ ರಾಜ್ಯದ ಲೈಮಾ ಎಂಬ ಊರಿನಲ್ಲಿ 1917ರಲ್ಲಿ ಹುಟ್ಟಿದ ಅವರು ಷಿಕಾಗೋದಲ್ಲಿ ಪಿಯಾನೋ ಕಲಿತಿದ್ದರು, 1939ರಲ್ಲಿ ಮದುವೆಯಾಗಿದ್ದರು, ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದ್ದರು. ಗಂಡನ ಸಂಪಾದನೆಯನ್ನು ನೆಚ್ಚಿಕೊಂಡು ಮನೆ ನಡೆಸುವ ಸ್ಥಿತಿ ಇರಲಿಲ್ಲವಾದ್ದರಿಂದ ಪತ್ರಿಕೆಯಲ್ಲಿ, ದೊಡ್ಡ ಅಂಗಡಿಯೊಂದರಲ್ಲಿ, ಕೊನೆಗೆ ರೇಡಿಯೊ ಕೇಂದ್ರಗಳಲ್ಲಿ ಬರವಣಿಗೆಯ ಕೆಲಸ ಮಾಡಿದರು. ರೇಡಿಯೊ ಜಾಹೀರಾತು ಬರೆಯುವವರು ಕೆಲವೇ ಸೆಕೆಂಡುಗಳಲ್ಲಿ ಕೇಳುಗರ ಕಿವಿಯನ್ನು ಹಿಡಿದಿಡಬೇಕು. ಒಂದು ಪದ ಹೆಚ್ಚಾದರೂ ಮಾತು ಸಡಿಲವಾಗುತ್ತದೆ. ಮುಂದೆ ಡಿಲ್ಲರ್ ಹೇಳಿದ ಜೋಕುಗಳ ಬಿಗಿ ನೋಡಿದರೆ, ಅದರ ಅಭ್ಯಾಸ ಅವರಿಗೆ ಆಗಿದ್ದು ಆ ರೇಡಿಯೊ ಕೇಂದ್ರದ ಮೇಜಿನಲ್ಲೇ ಎಂದು ನನಗೆ ಅನ್ನಿಸುತ್ತದೆ. ಅವರ ಜೀವನಕಥೆಯನ್ನು ಹೇಳುವವರು ಈ ವರ್ಷಗಳನ್ನು ಕಷ್ಟದ ದಿನಗಳೆಂದು ಎರಡು ಸಾಲಿನಲ್ಲಿ ಮುಗಿಸಿಬಿಡುವುದು ಸರಿಯಲ್ಲ.

ಒಬ್ಬ ಹೆಂಗಸು ಒಬ್ಬಳೇ ನಿಂತು ಮಾತಾಡಿ ನಗಿಸುವುದು ಆ ಕಾಲದ ಅಮೆರಿಕದಲ್ಲೂ ಅಪರೂಪವಾಗಿತ್ತು. ಜೀನ್ ಕ್ಯಾರೊಲ್, ಮಾಮ್ಸ್ ಮೇಬ್ಲಿ ಅವರಂಥ ಬೆರಳೆಣಿಕೆಯ ಹೆಸರುಗಳನ್ನು ಬಿಟ್ಟರೆ ಅದು ಗಂಡಸರ ಕ್ಷೇತ್ರವಾಗಿತ್ತು, ಮತ್ತು ಆ ಗಂಡಸರ ಹಾಸ್ಯದಲ್ಲಿ ಹೆಂಡತಿ, ಅತ್ತೆ, ಅಡುಗೆ ಇವೆಲ್ಲ ಗೇಲಿಗೆ ಸಿಗುವ ಸರಕಾಗಿದ್ದವು. ಡಿಲ್ಲರ್ ಆ ಗೇಲಿಯ ದಿಕ್ಕನ್ನೇ ತಿರುಗಿಸಿದರು. ವೇದಿಕೆಯ ಮೇಲೆ ಅವರು ‘ಫ್ಯಾಂಗ್’ ಎಂಬ ಗಂಡನನ್ನು ಕಲ್ಪಿಸಿಕೊಂಡರು. ಅಡುಗೆ ಬಾರದ, ಇಸ್ತ್ರಿ ಮಾಡದ, ಮನೆ ಗುಡಿಸದ ಗೃಹಿಣಿಯೊಬ್ಬಳಾಗಿ ತಾವೇ ನಿಂತರು. ಮಕ್ಕಳು ಇನ್ನೂ ಬೆಳೆಯುತ್ತಿರುವಾಗ ಮನೆ ಚೊಕ್ಕಟ ಮಾಡುವುದೆಂದರೆ ಹಿಮ ಬೀಳುತ್ತಿರುವಾಗಲೇ ಅಂಗಳದ ಹಿಮ ಎತ್ತಿಹಾಕಿದಂತೆ ಎಂಬ ಅವರ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಇಪ್ಪತ್ತೆರಡರ ಹುಡುಗಿಯೊಬ್ಬಳು ಈ ಮಾತನ್ನು ಎಷ್ಟೇ ಚೆನ್ನಾಗಿ ಬರೆದಿದ್ದರೂ ಪ್ರೇಕ್ಷಕರು ಅದನ್ನು ನಂಬುತ್ತಿರಲಿಲ್ಲ. ಐದು ಮಕ್ಕಳ ತಾಯಿಯ ಬಾಯಿಂದ ಬಂದಾಗ, ಹೇಳಿದವರಿಗೆ ಅದರ ಪಾಡು ಗೊತ್ತಿದೆ ಎಂಬ ನಂಬಿಕೆ ನಗುವಿಗಿಂತ ಮೊದಲೇ ಹುಟ್ಟುತ್ತದೆ. ನನ್ನ ಪ್ರಕಾರ ತಡವಾಗಿ ಬಂದವರಿಗೆ ಈ ಕಲೆಯಲ್ಲಿರುವ ದೊಡ್ಡ ಅನುಕೂಲವೇ ಇದು.

ಆದರೆ ಅನುಭವವಿದ್ದ ಮಾತ್ರಕ್ಕೆ ಕಲೆ ಕೈಗೆ ಬರುವುದಿಲ್ಲ. ಮೊದಮೊದಲು ಡಿಲ್ಲರ್ ಪರಿಕರಗಳನ್ನು ಹಿಡಿದುಕೊಂಡು, ಹೆಸರಾಂತ ಗಾಯಕಿಯರನ್ನು ಅಣಕಿಸಿ ಹಾಡುತ್ತ ಪ್ರದರ್ಶನ ಕೊಡುತ್ತಿದ್ದರು. ಕ್ರಮೇಣ ಅವೆಲ್ಲ ಒಂದೊಂದಾಗಿ ಬಿದ್ದುಹೋಗಿ ಮನೆಯ ಮಾತು ಮಾತ್ರ ಉಳಿಯಿತು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಅವರಿಗೆ ಕಲಿಸಿದ್ದು ದಿನದಿನದ ಪ್ರೇಕ್ಷಕರು. ಎರಡು ವಾರಕ್ಕೆಂದು ಒಪ್ಪಂದವಾಗಿದ್ದ ಪರ್ಪಲ್ ಆನಿಯನ್ ಪ್ರದರ್ಶನ 89 ವಾರಗಳವರೆಗೆ ಮುಂದುವರಿಯಿತು. ಅವರ ಬದುಕಿನ ಎಲ್ಲ ಅಂಕಿಗಳಲ್ಲಿ ನನಗೆ ಅತ್ಯಂತ ಮಹತ್ವದ್ದೆಂದು ತೋರುವುದು ಈ 89. ಮೊದಲ ರಾತ್ರಿಯ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅದೇ ಚಿಕ್ಕ ಜಾಗದಲ್ಲಿ, ಹೊಸ ಹೊಸ ಜನರೆದುರು, ನಿನ್ನೆ ನಗು ತಾರದ ಸಾಲನ್ನು ಇವತ್ತು ತಿದ್ದಿ ಹೇಳಿ ನೋಡುವ ಅವಕಾಶ ಸಿಗದೇ ಹೋಗಿದ್ದರೆ, 37ನೇ ವಯಸ್ಸಿನಲ್ಲಿ ಒಮ್ಮೆ ವೇದಿಕೆ ಹತ್ತಿ ಇಳಿದ ಗೃಹಿಣಿಯೊಬ್ಬರ ಹೆಸರು ಇಂದು ನಮಗೆ ತಲುಪುತ್ತಲೇ ಇರಲಿಲ್ಲ. ಅದು ಹೊಸಬರಿಗೆ ಬಾಗಿಲು ತೆರೆದಿಟ್ಟ ಜಾಗವೂ ಆಗಿತ್ತು; ಲೇಖಕಿಯಾಗಿ ಹೆಸರಾಗುವ ಮುನ್ನ ಮಾಯಾ ಏಂಜೆಲೊ ಕ್ಯಾಲಿಪ್ಸೊ ಹಾಡುಗಳನ್ನು ಹಾಡಿದ್ದೂ ಅಲ್ಲಿಯೇ.

ವೇಷದ ವಿಷಯದಲ್ಲೂ ಅವರು ವಿಚಾರ ಮಾಡಿದ್ದರು. ಕೆದರಿದ ಕೂದಲು, ದೊಗಳೆ ಉಡುಪು, ಕೈಯಲ್ಲಿ ಉದ್ದನೆಯ ಸಿಗರೇಟ್ ಕೊಳವೆ ಇವೆಲ್ಲ ಜನ ಗುರುತಿಸುವ ಚಿಹ್ನೆಗಳಾದವು. ಅವರು ಸಿಗರೇಟ್ ಸೇದುತ್ತಿರಲಿಲ್ಲ. ಉಡುಪು ಮೈಕಟ್ಟನ್ನು ಮರೆಸುವಷ್ಟು ದೊಗಳೆಯಾಗಿದ್ದುದಕ್ಕೆ ಕಾರಣ, ತಮ್ಮ ರೂಪದ ಬಗ್ಗೆ ತಾವೇ ಆಡುವ ಮಾತು ಸುಳ್ಳೆಂದು ನೋಡುವವರಿಗೆ ಅನ್ನಿಸಬಾರದು ಎಂಬುದು. ತಮ್ಮ ರೂಪವನ್ನು ತಾವೇ ಹೀಗಳೆದುಕೊಳ್ಳುವ ಹಾಸ್ಯವನ್ನು ಇಂದಿನ ಅನೇಕ ಹೆಣ್ಣುಮಕ್ಕಳು ಒಪ್ಪುವುದಿಲ್ಲ. ಅವರ ಆಕ್ಷೇಪಕ್ಕೆ ಅರ್ಥವಿದೆ. ಆದರೂ ಒಂದು ಹೆಣ್ಣಿನ ದನಿಯನ್ನು ಒಂದು ಗಂಟೆ ಕೇಳಿಸಿಕೊಳ್ಳಲು ತಯಾರಿಲ್ಲದ ಪ್ರೇಕ್ಷಕರೆದುರು ನಿಲ್ಲಲು ಆಕೆಗೆ ಆಗ ಸಿಕ್ಕ ದಾರಿ ಅದಾಗಿತ್ತು ಎಂಬುದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ.

ಅವರ ದುಡಿಮೆಯ ಗಾತ್ರ ತಿಳಿಯಬೇಕಾದರೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ ಅಮೆರಿಕದ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಅವರು 2003ರಲ್ಲಿ ಕೊಟ್ಟ ಉಕ್ಕಿನ ಬೀರುವನ್ನು ನೆನೆಯಬೇಕು. ಅದರ ಖಾನೆಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕಾರ್ಡುಗಳಿದ್ದವು. ಬೆರಳಚ್ಚು ಮಾಡಿದ ಒಂದೊಂದು ಜೋಕನ್ನೂ ವಿಷಯವಾರು ವಿಂಗಡಿಸಿ, ಅಕ್ಷರಕ್ರಮದಲ್ಲಿ ಜೋಡಿಸಿಡಲಾಗಿತ್ತು. ಬೇರೆಯವರಿಂದ ದುಡ್ಡು ಕೊಟ್ಟು ಕೊಂಡ ಜೋಕುಗಳೂ ಅದರಲ್ಲಿದ್ದವು, ಹಾಗೆ ಬರೆದು ಕಳಿಸಿದವರಲ್ಲಿ ಗೃಹಿಣಿಯರೂ ಇದ್ದರು. 2017ರಲ್ಲಿ ಸ್ವಯಂಸೇವಕರು ಅಂತರಜಾಲದ ಮೂಲಕ ಆ ಕಾರ್ಡುಗಳನ್ನು ಓದಿ ನಕಲು ಮಾಡಿಕೊಟ್ಟರು. ಹಾಸ್ಯವೆಂದರೆ ಹೊಳೆದದ್ದನ್ನು ಹೇಳುವುದು ಎಂದುಕೊಂಡಿರುವವರೆಲ್ಲ ಆ ಬೀರುವಿನ ಚಿತ್ರವನ್ನು ಒಮ್ಮೆ ನೋಡಬೇಕು. ವೇದಿಕೆಯ ಹಾಸ್ಯದಿಂದ ಡಿಲ್ಲರ್ ನಿವೃತ್ತರಾದದ್ದು 2002ರಲ್ಲಿ, 84ನೇ ವಯಸ್ಸಿನಲ್ಲಿ. ತಡವಾಗಿ ಶುರುಮಾಡಿದ ವೃತ್ತಿಯನ್ನು ಅವರು ನಲವತ್ತೇಳು ವರ್ಷ ನಡೆಸಿದರು; ಸರಿಯಾದ ವಯಸ್ಸಿನಲ್ಲಿ ಶುರುಮಾಡಿದ ಎಷ್ಟೋ ಜನರಿಗೆ ಅದರ ಅರ್ಧದಷ್ಟೂ ದಕ್ಕಿಲ್ಲ.

ರಾಡ್ನಿ ಡೇಂಜರ್‌ಫೀಲ್ಡ್ ಅವರ ಕಥೆ ಇದಕ್ಕಿಂತ ಭಿನ್ನ. ಅವರು ಹದಿಹರೆಯದಲ್ಲೇ ಜೋಕು ಬರೆಯತೊಡಗಿ, ಜಾಕ್ ರಾಯ್ ಎಂಬ ಹೆಸರಿನಲ್ಲಿ ಪ್ರದರ್ಶನ ಕೊಟ್ಟು, ಕೈಸುಟ್ಟುಕೊಂಡು, ಮೂವತ್ತು ತುಂಬುವ ಮುನ್ನವೇ ಬಿಟ್ಟುಬಿಟ್ಟಿದ್ದರು. ಸಂಸಾರ ಸಾಕಲು ಮನೆಗಳ ಹೊರಗೋಡೆಗೆ ಹೊದಿಸುವ ಅಲ್ಯೂಮಿನಿಯಂ ಹಲಗೆಗಳನ್ನೂ ಬಣ್ಣವನ್ನೂ ಮಾರಿದರು. ನಲವತ್ತರ ಹೊತ್ತಿಗೆ, ಸಾಲ ತಲೆಯ ಮೇಲಿದ್ದಾಗಲೇ, ಹೊಸ ಹೆಸರಿನೊಂದಿಗೆ ಮತ್ತೆ ಕ್ಲಬ್ಬುಗಳಿಗೆ ಬಂದರು. 1967ರಲ್ಲಿ ಎಡ್ ಸಲಿವನ್ ಅವರ ಟೀವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಾಗ ಅವರಿಗೆ 45 ವರ್ಷ. ಯಾರೂ ತನಗೆ ಮರ್ಯಾದೆ ಕೊಡುವುದಿಲ್ಲವೆಂದು ಟೈ ಎಳೆದುಕೊಳ್ಳುತ್ತ ಗೋಳಾಡುವ ಅವರ ಪಾತ್ರ ಮನೆಮಾತಾದದ್ದು ಆಮೇಲೆ. ಮನೆ ಮನೆಯ ಕದ ತಟ್ಟಿ ಸಾಮಾನು ಮಾರಿದವನ ಮುಖದಲ್ಲಿ ಆ ಗೋಳು ಒಪ್ಪುತ್ತಿತ್ತು. 1969ರಲ್ಲಿ ಅವರು ನ್ಯೂಯಾರ್ಕಿನಲ್ಲಿ ತಮ್ಮದೇ ಕ್ಲಬ್ ತೆರೆದ ಕಾರಣವನ್ನು ನಾವು ಗಮನಿಸಬೇಕು: ಊರೂರು ಅಲೆಯದೆ ಮಕ್ಕಳ ಹತ್ತಿರ ಇರಬೇಕು ಎಂಬುದು ಅವರಿಗಿದ್ದ ಒತ್ತಾಸೆ. ಎಷ್ಟೋ ಎಳೆಯ ಕಲಾವಿದರಿಗೆ ಅದೇ ಕ್ಲಬ್ ಮುಂದೆ ಆಸರೆಯಾಯಿತು. ನಡುವಯಸ್ಸಿನ ಕಲಾವಿದನಿಗೆ ಪ್ರತಿಭೆಯಷ್ಟೇ ಮುಖ್ಯವಾದದ್ದು, ಮನೆಯ ಹೊಣೆಯನ್ನು ಬಿಡದೆ ಪ್ರತಿರಾತ್ರಿ ನಿಲ್ಲಬಹುದಾದ ಒಂದು ಜಾಗ. ಅದು ಸಿಗದಿದ್ದಾಗ ಡೇಂಜರ್‌ಫೀಲ್ಡ್ ಅದನ್ನು ತಾವೇ ಕಟ್ಟಿಕೊಂಡರು.

ಲೆಸ್ಲಿ ಜೋನ್ಸ್ ಅವರ ಸಂಗತಿಯನ್ನು ಇವೆರಡರ ಜೊತೆ ಸೇರಿಸುವಾಗ ನನಗೆ ಸಂತೋಷಕ್ಕಿಂತ ಬೇಸರವೇ ಹೆಚ್ಚು. ಅವರು ತಡವಾಗಿ ಬಂದವರಲ್ಲ. ಕಾಲೇಜಿನ ದಿನಗಳಿಂದ, 1987ರಿಂದಲೇ ವೇದಿಕೆಯಲ್ಲಿದ್ದವರು. ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಅಮೆರಿಕದ ಟೀವಿ ಹಾಸ್ಯ ಕಾರ್ಯಕ್ರಮಕ್ಕೆ ಮೊದಲು ಬರಹಗಾರ್ತಿಯಾಗಿ ಸೇರಿ, 2014ರ ಅಕ್ಟೋಬರಿನಲ್ಲಿ ಕಲಾವಿದರ ತಂಡಕ್ಕೆ ಬಂದಾಗ ಅವರಿಗೆ 47. ಕಪ್ಪು ಹೆಣ್ಣುಮಕ್ಕಳಿಗೆ ಆ ಕಾರ್ಯಕ್ರಮದಲ್ಲಿ ಜಾಗವಿಲ್ಲವೆಂಬ ಟೀಕೆ ಜೋರಾದ ಮೇಲೆ ತೆರೆದ ಬಾಗಿಲು ಅದು. ಇಲ್ಲಿ ತಡಮಾಡಿದ್ದು ಕಲಾವಿದೆಯಲ್ಲ, ಅವರನ್ನು ನೋಡಬೇಕಾಗಿದ್ದ ಉದ್ಯಮ. ಇಂಥದ್ದನ್ನೂ ‘ತಾಳಿದವರು ಬಾಳಿಯಾರು’ ಎಂದು ಹೊಗಳುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ನಮ್ಮ ಕಡೆಗೆ ಬಂದರೆ, ಕನ್ನಡಿಗರಿಗೆ ನಡುವಯಸ್ಸಿನವರ ಹಾಸ್ಯ ಹೊಸದೇನೂ ಅಲ್ಲ. ನಮ್ಮ ಹಾಸ್ಯ ಸಂಜೆಗಳನ್ನೂ ನಗೆಹಬ್ಬಗಳನ್ನೂ ಬೆಳೆಸಿದವರಲ್ಲಿ ಬೇರೊಂದು ವೃತ್ತಿಯಲ್ಲಿ ಪಳಗಿ ಬಂದವರು ಬಹಳ. ಪ್ರೊ. ಎಂ. ಕೃಷ್ಣೇಗೌಡರು ಮೈಸೂರಿನಲ್ಲಿ ಕನ್ನಡ ಪಾಠ ಹೇಳಿದವರು. ತರಗತಿಯಲ್ಲಿ ವಿದ್ಯಾರ್ಥಿಗಳ ಮುಖ ನೋಡುತ್ತ ಮಾತಿನ ಓಟವನ್ನು ಹಿಡಿತದಲ್ಲಿಟ್ಟುಕೊಳ್ಳುವ ಅಧ್ಯಾಪಕರ ಕಲೆ ಅವರ ಭಾಷಣದಲ್ಲಿ ಕಾಣುತ್ತದೆ. ಗಂಗಾವತಿ ಪ್ರಾಣೇಶ್ ಅವರ ಉತ್ತರ ಕರ್ನಾಟಕದ ಮಾತುಗಳಲ್ಲಿ ಬರುವ ಬಸ್ಸು, ಮದುವೆಮನೆ, ಬೀಗರು, ಊರ ಹಿರಿಯರು ಇವೆಲ್ಲ ಕಣ್ಣಾರೆ ಕಂಡವರಿಗೆ ಮಾತ್ರ ದಕ್ಕುವ ಸಾಮಗ್ರಿ. ಆದರೆ ಈ ವೇದಿಕೆಗಳಿಗೆ ಕರೆಸಿಕೊಳ್ಳುವುದು ಆಗಲೇ ಹೆಸರಾದವರನ್ನು. ಹೊಸಬರು ತಪ್ಪಿ, ತಿದ್ದಿಕೊಂಡು, ಮತ್ತೆ ಹೇಳಿ ನೋಡುವ ಏರ್ಪಾಡು ಅಲ್ಲಿ ಇಲ್ಲ. ಅಂಥ ಏರ್ಪಾಡು ಇರುವುದು ಬೆಂಗಳೂರಿನ ಓಪನ್ ಮೈಕ್‌ಗಳಲ್ಲಿ, ಅಂದರೆ ಹೊಸಬರೂ ಹೆಸರು ಕೊಟ್ಟು ಕೆಲವು ನಿಮಿಷ ಮೈಕ್ ಹಿಡಿಯಬಹುದಾದ ಕಾರ್ಯಕ್ರಮಗಳಲ್ಲಿ. ಕನ್ನಡದಲ್ಲೇ ಸ್ಟ್ಯಾಂಡ್‌ಅಪ್ ಮಾಡುವ ಲೋಲ್‌ಬಾಗ್‌ನಂಥ ತಂಡಗಳು ಬಂದಿರುವುದು ನನಗೆ ನಿಜಕ್ಕೂ ಹೆಮ್ಮೆಯ ಸಂಗತಿ. ಆದರೆ ಓಪನ್ ಮೈಕ್‌ಗಳು ನಡೆಯುವುದು ಹೆಚ್ಚಾಗಿ ರಾತ್ರಿ, ಕೆಫೆಗಳಲ್ಲೋ ಪಬ್‌ಗಳಲ್ಲೋ, ಇಪ್ಪತ್ತರ ಆಸುಪಾಸಿನವರ ನಡುವೆ.

ನಮ್ಮ ಕಚೇರಿಯಲ್ಲಿ ಐವತ್ತು ದಾಟಿದ ಒಬ್ಬ ಸಹೋದ್ಯೋಗಿ ಇದ್ದಾರೆ. ಊಟದ ಹೊತ್ತಿನಲ್ಲಿ ಅವರು ತಮ್ಮ ಅತ್ತೆಯವರ ಮೊಬೈಲ್ ಪ್ರಸಂಗಗಳನ್ನು ಹೇಳತೊಡಗಿದರೆ ಪಕ್ಕದ ವಿಭಾಗದವರೂ ಡಬ್ಬಿ ಹಿಡಿದುಕೊಂಡು ಬಂದು ಕೂರುತ್ತಾರೆ. ಒಂದು ಓಪನ್ ಮೈಕ್‌ಗೆ ಹೆಸರು ಕೊಡಿ ಎಂದು ನಾನು ಒತ್ತಾಯಿಸಿದಾಗ ಅವರು ಕೇಳಿದ್ದು ವಯಸ್ಸಿನ ಪ್ರಶ್ನೆಯನ್ನಲ್ಲ. “ರಾತ್ರಿ ಒಂಬತ್ತಕ್ಕೆ ಶುರುವಾದರೆ ಮನೆಗೆ ಬರುವುದು ಎಷ್ಟು ಹೊತ್ತಿಗೆ, ಮೇಡಂ? ಮಾವನವರಿಗೆ ಮಾತ್ರೆ ಕೊಡುವವರು ಯಾರು?” ಎಂದರು. ಅವರಿಗೆ ಧೈರ್ಯ ಹೇಳುವ ಅಗತ್ಯವೇ ಇರಲಿಲ್ಲ. ಬೇಕಾಗಿದ್ದದ್ದು ಸಂಜೆ ಏಳರೊಳಗೆ ಮುಗಿಯುವ ಒಂದು ಕಾರ್ಯಕ್ರಮ.

ಆದ್ದರಿಂದ ಬಡಾವಣೆಗಳ ಕನ್ನಡ ಸಂಘಗಳಲ್ಲಿ, ಮಹಿಳಾ ಸಮಾಜಗಳಲ್ಲಿ, ಹಾಸ್ಯ ಸಂಜೆಗಳನ್ನು ಏರ್ಪಡಿಸುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮಲ್ಲಿ ಹೇಗೂ ಸಭಾಂಗಣವಿದೆ, ಧ್ವನಿವರ್ಧಕವಿದೆ, ಭಾನುವಾರದ ಮಧ್ಯಾಹ್ನಗಳು ಖಾಲಿ ಇವೆ. ತಿಂಗಳಿಗೊಮ್ಮೆಯಾದರೂ, ನಲವತ್ತು ದಾಟಿದ ಹೊಸಬರಿಗೆ ತಲಾ ಐದೈದು ನಿಮಿಷ ಕೊಡಿ. ಮೊದಲ ಸಲ ನಗು ಬಾರದಿದ್ದರೂ ಮುಂದಿನ ತಿಂಗಳು ಅವರನ್ನೇ ಮತ್ತೆ ಕರೆಯಿರಿ, ಅದರ ಮುಂದಿನ ತಿಂಗಳೂ ಕರೆಯಿರಿ. ಸ್ಪರ್ಧೆ, ಬಹುಮಾನ, ತೀರ್ಪುಗಾರರು ಯಾವುದೂ ಬೇಡ. ವಿಡಿಯೊ ಮಾಡಿ ಹಾಕುವುದಾದರೆ ಅವರನ್ನು ಕೇಳಿಯೇ ಹಾಕಿ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇಂಥದ್ದನ್ನು ಶುರುಮಾಡಲು ಯಾರಾದರೂ ಮುಂದೆ ಬಂದರೆ ಕುರ್ಚಿ ಜೋಡಿಸುವುದರಿಂದ ಹಿಡಿದು ಹೆಸರು ಬರೆದುಕೊಳ್ಳುವವರೆಗೆ ಎಲ್ಲ ಕೆಲಸಕ್ಕೂ ನಾನು ಸಿದ್ಧಳಿದ್ದೇನೆ, ಮತ್ತು ಮೊದಲ ಹೆಸರು ಯಾರದೆಂಬುದು ನಮ್ಮ ಕಚೇರಿಯವರಿಗೆಲ್ಲ ಆಗಲೇ ಗೊತ್ತಿದೆ.