ಗೇಟಿನ ಮುಂದೆ ಪೆಟ್ಟಿಗೆ ಇಟ್ಟುಹೋದ ಪುಣ್ಯಾತ್ಮರಿಗೆ

ಕಳೆದ ತಿಂಗಳ ಒಂದು ಭಾನುವಾರ ನಸುಕಿನಲ್ಲಿ ನಮ್ಮ ಮನೆಯ ಗೇಟಿನ ಮುಂದೆ ಸೇಬಿನ ರಟ್ಟಿನ ಪೆಟ್ಟಿಗೆಯೊಂದರಲ್ಲಿ ನಾಯಿಮರಿಗಳನ್ನು ಇಟ್ಟು, ಕರೆಗಂಟೆಯನ್ನೂ ಒತ್ತದೆ ಹೊರಟುಹೋದ ಪುಣ್ಯಾತ್ಮರು ಯಾರೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಪೆಟ್ಟಿಗೆಯ ತಳಕ್ಕೆ ಹಳೆಯ ಟವೆಲನ್ನು ಮಡಿಸಿ ಹಾಸಿದ್ದರು. ಒಂದು ಮೂಲೆಯಲ್ಲಿ ಬಿಸ್ಕತ್ತಿನ ಪೊಟ್ಟಣವನ್ನೂ ಇಟ್ಟಿದ್ದರು. ಹೀಗಾಗಿ ಅವರನ್ನು ನಿರ್ದಯಿಗಳೆಂದು ಬೈದು ಸುಮ್ಮನಾಗುವ ಸುಖವೂ ನನಗಿಲ್ಲ. ನಮ್ಮ ದಾವಣಗೆರೆಯಲ್ಲಿ ನಾಯಿಮರಿಗಳ ಸಾವಿಗೆ ಕಲ್ಲು ಹೊಡೆಯುವವರು ಎಷ್ಟು ಕಾರಣರೋ, ಇಂತಹ ಮರುಕದ ಜನರೂ ಅಷ್ಟೇ ಕಾರಣರೆಂದು ನಾನು ಈಗ ನಂಬತೊಡಗಿದ್ದೇನೆ, ಏಕೆಂದರೆ ಅವರ ಮರುಕವು ನನ್ನ ಗೇಟಿನವರೆಗೆ ನಡೆದುಬಂದು, ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಹಿಂದಿರುಗಿಬಿಡುತ್ತದೆ.

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಐದು ವರ್ಷಗಳಿಂದ ಊರ ಹೊರಗಿನ ಒಂದು ಸಣ್ಣ ಆಶ್ರಯ ಕೇಂದ್ರಕ್ಕಾಗಿ ಮರಿಗಳನ್ನು ಮನೆಯಲ್ಲಿ ತಾತ್ಕಾಲಿಕವಾಗಿ ಸಾಕಿಕೊಡುತ್ತಿದ್ದೇನೆ. ನಮ್ಮ ನಮ್ಮಲ್ಲಿ ಇದಕ್ಕೆ ‘ಫಾಸ್ಟರ್’ ಎನ್ನುತ್ತೇವೆ. ಕೇಂದ್ರದಲ್ಲಿ ಅಪಘಾತವಾದ ನಾಯಿಗಳು, ಕಜ್ಜಿ ಹತ್ತಿದವು, ಜ್ವರದಿಂದ ನರಳುವವು ಎಲ್ಲವೂ ಇರುವುದರಿಂದ, ಲಸಿಕೆ ಪೂರ್ತಿಯಾಗದ ಮರಿಗಳನ್ನು ಅಲ್ಲಿ ಇಡುವುದೆಂದರೆ ಕೈಯಾರೆ ರೋಗಕ್ಕೆ ಒಪ್ಪಿಸಿದಂತೆ. ಆದ್ದರಿಂದ ಅವು ನಮ್ಮಂತಹ ಮನೆಗಳಿಗೆ ಬರುತ್ತವೆ. ಲಸಿಕೆ ಮತ್ತು ಜಂತುಹುಳದ ಔಷಧದ ಖರ್ಚು ಕೇಂದ್ರದ್ದು. ಅನ್ನ, ಮೊಟ್ಟೆ, ಹಳೆಯ ಪಂಚೆ, ನೆಲ ಒರೆಸುವ ತೋಳು, ರಾತ್ರಿಯ ನಿದ್ದೆ ನಮ್ಮವು. ಕಣ್ಣು ಬಿಡದ ಮರಿಯಾದರೆ ಎರಡು ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಹಾಲು ಕುಡಿಸಬೇಕು, ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಸವರಿ ಮೂತ್ರ ಮಾಡಿಸಬೇಕು; ತಾಯಿ ನಾಲಿಗೆಯಿಂದ ಮಾಡುವ ಕೆಲಸವನ್ನು ನಾವು ಹತ್ತಿಯಿಂದ ಮಾಡುತ್ತೇವೆ. ಇದನ್ನೆಲ್ಲ ಹೇಳುತ್ತಿರುವುದು ಶಾಲು ಹೊದಿಸಿಕೊಳ್ಳಲು ಅಲ್ಲ. ಪೆಟ್ಟಿಗೆ ಇಟ್ಟುಹೋಗುವವರಿಗೆ ಆ ಬಳಿಕ ಒಳಗೆ ಏನು ನಡೆಯುತ್ತದೆ ಎಂಬ ಕಲ್ಪನೆಯೇ ಇದ್ದಂತಿಲ್ಲ.

ಆ ಭಾನುವಾರ ಮನೆಯಲ್ಲಿ ಆಗಲೇ ಏಳು ವಾರದ ನಾಲ್ಕು ಮರಿಗಳಿದ್ದವು. ಮೊದಲ ಲಸಿಕೆ ಹಾಕಿಸಿ ಮೂರೇ ದಿನವಾಗಿತ್ತು. ಪೆಟ್ಟಿಗೆಯಲ್ಲಿ ಮೂರಿದ್ದವು, ಅವುಗಳಲ್ಲಿ ಒಂದು ತಲೆ ಎತ್ತದೆ ಮಲಗಿತ್ತು. ಚಳಿಗೆ ಹಾಗಿರಬಹುದೆಂದುಕೊಂಡು ಪೆಟ್ಟಿಗೆಯನ್ನು ನಡುಮನೆಗೆ ತಂದು, ಬಿಸಿನೀರಿನ ಬಾಟಲಿ ತುಂಬಿಸುವಷ್ಟು ಹೊತ್ತು ಅಲ್ಲಿಯೇ ಇಟ್ಟೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಐದು ವರ್ಷ ಈ ಕೆಲಸ ಮಾಡಿದವಳು ಹಾಗೆ ಮಾಡಬಾರದಿತ್ತು. ಆಮೇಲೆ ಅವನ್ನು ಹಿತ್ತಲ ಬಚ್ಚಲಮನೆಯಲ್ಲಿ ಬೇರೆಯಾಗಿ ಇಟ್ಟೆ, ಬಟ್ಟಲು ಬೇರೆ ಮಾಡಿದೆ, ಚಪ್ಪಲಿ ಬೇರೆ ಮಾಡಿದೆ. ರಾತ್ರಿಯ ಹೊತ್ತಿಗೆ ಆ ಮರಿ ನೊರೆನೊರೆಯಾಗಿ ವಾಂತಿ ಮಾಡಿಕೊಂಡಿತು, ಬೆಳಗಿನ ಜಾವಕ್ಕೆ ರಕ್ತಭೇದಿ ಶುರುವಾಯಿತು. ಆ ವಾಸನೆಯನ್ನು ಒಮ್ಮೆ ಕಂಡವರಿಗೆ ವೈದ್ಯರು ಹೇಳಬೇಕಾಗಿಲ್ಲ: ಪಾರ್ವೊ.

ಪಾರ್ವೊ ವೈರಾಣು ಸೋಂಕಿದ ನಾಯಿಯ ಮಲದಲ್ಲಿ ಹೊರಬಿದ್ದು, ನೆಲದಲ್ಲಿ, ಮಣ್ಣಿನಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯ ಅಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಾವು ದಿನನಿತ್ಯ ನೆಲಕ್ಕೆ ಹಾಕುವ ಫಿನಾಯಿಲಿಗೆ ಅದು ಜಗ್ಗುವುದಿಲ್ಲ. ಕೊಳೆಯನ್ನೆಲ್ಲ ಮೊದಲು ತೊಳೆದು ಆಮೇಲೆ ಬ್ಲೀಚ್ ನೀರನ್ನು ಹತ್ತು ನಿಮಿಷ ನಿಲ್ಲಿಸಿದರೆ ಸಾಯುತ್ತದೆ. ಸೋಂಕು ತಗುಲಿದ ಮೂರರಿಂದ ಏಳು ದಿನಗಳಲ್ಲಿ ಮರಿ ಮಂಕಾಗುತ್ತದೆ. ಮರಿಗೆ ಆರರಿಂದ ಎಂಟನೆಯ ವಾರದಲ್ಲಿ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ಮುಂದುವರಿಸಬೇಕೆನ್ನುವುದು ಸುಮ್ಮನೆ ಅಲ್ಲ; ತಾಯಿಯಿಂದ ಬಂದ ರಕ್ಷಣೆ ಇಳಿಯುತ್ತಾ, ಲಸಿಕೆಯ ರಕ್ಷಣೆ ಇನ್ನೂ ಏರದಿರುವ ನಡುವಿನ ದಿನಗಳಲ್ಲಿಯೇ ಮರಿಗಳು ಹೋಗಿಬಿಡುತ್ತವೆ. ನನ್ನ ನಾಲ್ಕೂ ಮರಿಗಳು ಸರಿಯಾಗಿ ಆ ದಿನಗಳಲ್ಲಿದ್ದವು. ಶುಕ್ರವಾರ ಒಂದು ಊಟ ಬಿಟ್ಟಿತು, ಶನಿವಾರ ಮತ್ತೆರಡು, ಸೋಮವಾರ ನಾಲ್ಕನೆಯದು. ಬೆಳಗ್ಗೆ ಆರಕ್ಕೆ ಎದ್ದು ಬುಟ್ಟಿಯಲ್ಲಿ ಮರಿಗಳನ್ನಿಟ್ಟುಕೊಂಡು ಡ್ರಿಪ್ ಹಾಕಿಸಲು ಹೋಗುವುದು, ಹತ್ತಕ್ಕೆ ತರಗತಿಯಲ್ಲಿ ನಿಂತು ಪಾಠ ಮಾಡುವುದು, ಸಂಜೆ ಮತ್ತೆ ಡ್ರಿಪ್, ರಾತ್ರಿ ಬ್ಲೀಚ್ ನೀರು. ಏಳರಲ್ಲಿ ಉಳಿದಿದ್ದು ಒಂದು. ಆರು ಗುಂಡಿಗಳನ್ನು ನನ್ನ ಯಜಮಾನರು ತೋಡಿದರು. ಐದನೆಯದನ್ನು ತೋಡುವಾಗ ಅವರು ಏನೂ ಮಾತನಾಡದೆ ಗುದ್ದಲಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಕುಳಿತುಬಿಟ್ಟರು. ನಮ್ಮ ಅತ್ತೆಯವರು ನಾಯಿಗಳನ್ನು ಮುಟ್ಟುವವರಲ್ಲ, ಆದರೂ ಅಂದು ಬಾಗಿಲಲ್ಲಿ ನಿಂತು, “ಅವ್ವಾ, ಯಾರರ ಇಟ್ಟು ಹೋಗಿದ್ದಕ್ಕ ನೀವ್ಯಾಕ ಹಿಂಗ ಸಾಯ್ತೀರಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಪೆಟ್ಟಿಗೆ ಇಟ್ಟುಹೋದವರು ಮೊದಲೇ ಒಂದು ಫೋನ್ ಮಾಡಿ, “ಮರಿ ಮಂಕಾಗಿದೆ, ಏನು ಮಾಡಲಿ?” ಎಂದು ಕೇಳಿದ್ದರೆ, ಅಷ್ಟು ಸಾಕಿತ್ತು. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಲು ಹೇಳುತ್ತಿದ್ದೆ, ನಾನೇ ಅಲ್ಲಿಗೆ ಬರುತ್ತಿದ್ದೆ, ನನ್ನ ನಾಲ್ಕು ಮರಿಗಳಾದರೂ ಉಳಿಯುತ್ತಿದ್ದವು.

ಆದರೆ ಫೋನ್ ಮಾಡುವವರ ಕಥೆಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. “ಮೇಡಮ್ಮೋರೆ, ಇಲ್ಲಿ ಹದಡಿ ರೋಡಿನ ಹತ್ರ ಒಂದು ಮರಿ ಒದರ್ತಾ ಐತಿ, ಬಂದು ತಗಂಡು ಹೋಗ್ರಿ” ಎನ್ನುತ್ತಾರೆ. ನೀವು ಅಲ್ಲೇ ಇದ್ದೀರಲ್ಲ, ಒಂದು ರಟ್ಟಿನ ಡಬ್ಬಿಯಲ್ಲಿಟ್ಟು ನೆರಳಿಗೆ ತನ್ನಿ, ನಾನು ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದರೆ, “ನಮಗ ಟೈಮ್ ಇಲ್ಲರೀ, ನೀವು ಅದಕ್ಕಂತನೇ ಅದೀರಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾವುದಕ್ಕೆಂದು ಇದ್ದೇವೆ ನಾವು? ನಮಗೆ ಸಂಬಳವಿದೆಯೆಂದು, ಸರ್ಕಾರದ ಗಾಡಿಯಿದೆಯೆಂದು ನಂಬಿದವರು ಎಷ್ಟೋ ಮಂದಿ. ಮಾರ್ಚ್ ಏಪ್ರಿಲ್ಲಿನ ಬಿಸಿಲಲ್ಲಿ ಸ್ಕೂಟರ್ ಏರಿ ಶಾಮನೂರಿನ ಆಚೆಗೆ ಹೋದರೆ, ಕರೆ ಮಾಡಿದವರು ಮಹಡಿಯ ಮೇಲೆ ನಿಂತು ಬೆರಳು ತೋರಿಸಿ, ವಿಡಿಯೊ ಮಾಡಿಕೊಂಡು, ಒಳಗೆ ಹೋಗುತ್ತಾರೆ. ಆ ವಿಡಿಯೊ ಸಂಜೆ ಅವರ ಸ್ಟೇಟಸ್‌ನಲ್ಲಿ ಇರುತ್ತದೆ. ಮರಿ ನನ್ನ ಬಚ್ಚಲಮನೆಯಲ್ಲಿ ಇರುತ್ತದೆ.

ಇನ್ನು ದತ್ತು ತೆಗೆದುಕೊಳ್ಳಲು ಬರುವವರು. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಗಂಡು ಐತೇನ್ರಿ?” ಹೆಣ್ಣಾದರೆ ಮರಿ ಹಾಕುತ್ತದೆಯಂತೆ. ಆರು ತಿಂಗಳಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು, ಅದನ್ನು ಕೇಂದ್ರವೇ ಮಾಡಿಸಿಕೊಡುತ್ತದೆ ಎಂದು ವಿವರಿಸಿದರೂ ತಲೆ ಅಲ್ಲಾಡಿಸಿ ಹೋಗುತ್ತಾರೆ. ಹೀಗಾಗಿ “ಎರಡು ವಾರ ಇಟ್ಟುಕೊಳ್ಳಿ” ಎಂದು ಬಂದ ಹೆಣ್ಣುಮರಿಗಳು ನನ್ನ ಬಳಿ ನಾಲ್ಕು ತಿಂಗಳು, ಐದು ತಿಂಗಳು ಉಳಿಯುತ್ತವೆ. ಅಷ್ಟರಲ್ಲಿ ಅವು ದೊಡ್ಡದಾಗಿ, ಮುದ್ದಾದ ಮರಿಯನ್ನೇ ಹುಡುಕುವವರ ಕಣ್ಣಿಗೆ ಬೀಳುವುದೇ ಇಲ್ಲ. ಗಂಡು ಮರಿಗಳ ಪಾಡೂ ಅಷ್ಟಕ್ಕಷ್ಟೆ. ಹೋದ ವರ್ಷ ನಿಜಲಿಂಗಪ್ಪ ಬಡಾವಣೆಯ ಕಡೆಯ ಮನೆಯೊಂದಕ್ಕೆ ಕೊಟ್ಟ ಮರಿಯನ್ನು, ಹಲ್ಲು ಹುಟ್ಟುವಾಗ ಸೋಫಾ ಕಚ್ಚಿತೆಂಬ ಕಾರಣಕ್ಕೆ ಐದನೆಯ ತಿಂಗಳಲ್ಲಿ ಹಿಂದಕ್ಕೆ ತಂದುಬಿಟ್ಟರು. ಕೊರಳಪಟ್ಟಿಯನ್ನು ಮಾತ್ರ ಬಿಚ್ಚಿ ಒಯ್ದರು, ಅದು ದುಬಾರಿಯದಂತೆ.

ಪ್ರಾಣಿಯನ್ನು ಹೀಗೆ ಬೀದಿಪಾಲು ಮಾಡುವುದು ಅಪರಾಧವಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ನಿನ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿಯವರೆಗೆ. ಈ ಊರಿನಲ್ಲಿ ಒಂದು ಬೆಣ್ಣೆದೋಸೆ ತಿಂದು ಕಾಫಿ ಕುಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ. ಇನ್ನು ಓಣಿಯಲ್ಲಿ ಆರಾಮವಾಗಿರುವ ದೊಡ್ಡ ನಾಯಿಗಳನ್ನೂ “ನಿಮ್ಮ ಶೆಲ್ಟರಿಗೆ ಒಯ್ಯಿರಿ” ಎಂದು ಗಂಟುಬೀಳುವವರಿಗೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನು ಎಷ್ಟು ಸಲ ಬಿಡಿಸಿ ಹೇಳಲಿ? ಶಸ್ತ್ರಚಿಕಿತ್ಸೆ ಮಾಡಿಸಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆಂದು ಅದರಲ್ಲಿಯೇ ಇದೆ. ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇಲ್ಲ.

ಈಗ ನನ್ನ ಮನೆಗೆ ಹಲವು ತಿಂಗಳು ಲಸಿಕೆಯಾಗದ ಮರಿಯನ್ನು ತರುವಂತಿಲ್ಲ. ಬಚ್ಚಲಮನೆಗೆ ಬ್ಲೀಚ್ ಹಾಕಬಹುದು, ಹಿತ್ತಲಿನ ಮಣ್ಣಿಗೆ ಏನು ಮಾಡಲಿ? ಕೇಂದ್ರದ ಪಟ್ಟಿಯಲ್ಲಿ ಇದ್ದುದೇ ಬೆರಳೆಣಿಕೆಯ ಮನೆಗಳು, ಅದರಲ್ಲಿ ಒಂದು ಕಡಿಮೆಯಾಯಿತು. ಪಕ್ಕದ ಮನೆಯವರು ತಮ್ಮ ಮಕ್ಕಳಿಗೆ ರೋಗ ಬರುತ್ತದೆಂದು ಜಗಳಕ್ಕೆ ಬಂದರು. ನಾಯಿಯ ಪಾರ್ವೊ ಮನುಷ್ಯರಿಗೆ ಅಂಟುವುದಿಲ್ಲವೆಂದು ವೈದ್ಯರಿಂದಲೇ ಫೋನಿನಲ್ಲಿ ಹೇಳಿಸಬೇಕಾಯಿತು.

ಪೆಟ್ಟಿಗೆ ಇಟ್ಟುಹೋದವರೇ, ನಿಮ್ಮ ಹೆಸರು ನನಗೆ ಬೇಡ, ಕ್ಷಮೆಯೂ ಬೇಡ. ಉಳಿದ ಒಂದು ಮರಿ ನೀವು ತಂದವುಗಳಲ್ಲಿ ಒಂದು, ಹೆಣ್ಣು. ಅದಿನ್ನೂ ನನ್ನ ಬಳಿಯೇ ಇದೆ. ಅದರ ತಾಯಿ ಯಾವ ಓಣಿಯಲ್ಲಿದೆ ಎಂಬುದನ್ನಷ್ಟೇ ಒಂದು ಚೀಟಿಯಲ್ಲಿ ಬರೆದು, ಬಂದ ಹಾಗೆಯೇ ನಸುಕಿನಲ್ಲಿ ಬಂದು ಗೇಟಿಗೆ ಸಿಕ್ಕಿಸಿ ಹೋಗಿ. ವರ್ಷಕ್ಕೆ ಎರಡು ಸಲ ಬೆದೆಗೆ ಬರುವ ನಾಯಿ ಅದು, ಗರ್ಭ ನಿಂತರೆ ಅರುವತ್ತಮೂರು ದಿನಗಳಲ್ಲಿ ಮತ್ತೆ ಮರಿ ಹಾಕುತ್ತದೆ. ಅಷ್ಟರೊಳಗೆ ಅದನ್ನು ಹಿಡಿಸಿ ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಿದೆ.