ಸಮುದ್ರ ಹಿಂದಕ್ಕೆ ಹೋಗಿರೋ ಫೋಟೋ ಬಗ್ಗೆ ಸ್ಪಷ್ಟನೆ

"ಸಮುದ್ರ ಹಿಂದೆ ಹೋಗಿದೆ, ರಾತ್ರಿ ಸುನಾಮಿ ಗ್ಯಾರಂಟಿ" ಅಂತ ಒಂದು ಫೋಟೋ ನಿನ್ನೆಯಿಂದ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ, ಅದು ಇಳಿತದ ಟೈಮಲ್ಲಿ ತೆಗೆದಿದ್ದು ಅಷ್ಟೇ. ಮೊನ್ನೆ ಹುಣ್ಣಿಮೆ ಆಯ್ತಲ್ಲ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ಸೂರ್ಯ ಚಂದ್ರ ಎರಡೂ ಒಂದೇ ಗೆರೆಗೆ ಬಂದು ಎಳೆಯೋದ್ರಿಂದ ನೀರು ಮಾಮೂಲಿಗಿಂತ ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ, ಫೋಟೋದಲ್ಲಿ ದೋಣಿ ಮರಳಿನ ಮೇಲೆ ಒಂದು ಕಡೆ ವಾಲಿರೋದು, ಬಂಡೆ ಬುಡದ ಪಾಚಿ ಕಾಣ್ತಿರೋದು ಎಲ್ಲ ಇದ್ರಿಂದಾನೇ. ಸಾಮಾನ್ಯವಾಗಿ ನೀರು ಇಳಿಯೋಕೆ ಸುಮಾರು 6 ಗಂಟೆ ಹಿಡಿಯುತ್ತೆ, ಅಷ್ಟೇ ನಿಧಾನಕ್ಕೆ ವಾಪಸ್ ಬರುತ್ತೆ, ಮಾರನೇ ದಿನ ಸುಮಾರು 50 ನಿಮಿಷ ತಡವಾಗಿ ಮತ್ತೆ ಅದೇ ಕಥೆ.

ಸುನಾಮಿಗೆ ಮುಂಚೆ ಕೆಲವು ಸಲ ನೀರು ಹಿಂದೆ ಸರಿಯೋದು ನಿಜ, ಆದ್ರೆ ಅದು ಗಂಟೆಗಟ್ಲೆ ಅಲ್ಲ, ಕೆಲವೇ ನಿಮಿಷದಲ್ಲಿ. 2004ರ ಡಿಸೆಂಬರ್ 26ರಂದು ಹಾಗೆ ಬರಿದಾದ ಕಡಲ ತಳ ನೋಡೋಕೆ ಅಂತ ಹೋದವರು ವಾಪಸ್ ಬರ್ಲಿಲ್ಲ, ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಹಾಗಾಗಿ ಭೂಮಿ ಜೋರಾಗಿ ನಡುಗಿದ್ರೆ, ಅಥವಾ ನೀರು ದಿಢೀರಂತ ಎಳ್ಕೊಂಡು ಹೋದ್ರೆ ಯಾವ ಮೆಸೇಜಿಗೂ ಕಾಯದೆ ಎತ್ತರದ ಜಾಗಕ್ಕೆ ಓಡಿ, ಮೊದಲ ಅಲೆ ಹೋದ್ಮೇಲೂ ಇಳೀಬೇಡಿ, ಹಿಂದೆ ಬರೋದು ಇನ್ನೂ ದೊಡ್ಡದಿರಬಹುದು.